ಕಲ್ಲೆಂದು ಬಗೆದರು, ಗಿಡವಾಗಿತ್ತು: ಸಮುದ್ರದ ಮೇರ್ಲ್ ಕಥೆ

ಅಡಿಕೆ ತೋಟ ಇರುವವರ ಮನೆಯಲ್ಲಿ ಸುಣ್ಣದ ಚೀಲ ಇದ್ದೇ ಇರುತ್ತದೆ. ಮೈಲುತುತ್ತದ ಜೊತೆ ಬೆರೆಸಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಒಂದಷ್ಟು ಬೇಕು. ಮಣ್ಣಿನ ಹುಳಿ ಇಳಿಸಲು ಬುಡಕ್ಕೆ ಹಾಕಲು ಇನ್ನೊಂದಷ್ಟು ಬೇಕು. ಕರಾವಳಿಯಲ್ಲಿ ಈಗಲೂ ಚಿಪ್ಪಿನ ಸುಣ್ಣವೇ ಮೇಲು ಅನ್ನುವ ಹಿರಿಯರಿದ್ದಾರೆ. ಅಳಿವೆಯಲ್ಲಿ ಆರಿಸಿದ ಬಳಚಿನ ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದ ಸುಣ್ಣ ಅದು. ಜೋರು ಮಳೆ ಬೀಳುವ ಊರಿನ ಮಣ್ಣಿನಿಂದ ಸುಣ್ಣದ ಅಂಶ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ, ಗೊಬ್ಬರ ಎಷ್ಟು ಹಾಕಿದರೂ ಗಿಡ ಎಳೆದುಕೊಳ್ಳುವುದಿಲ್ಲ. ಇದು ಮಣ್ಣು ಪರೀಕ್ಷೆ ಮಾಡಿಸಿದ ಎಲ್ಲರಿಗೂ ಗೊತ್ತು.

ನಮ್ಮ ಬಳಗದ ಒಬ್ಬರು ಹುಳಿಮಣ್ಣಿನ ಬಗ್ಗೆ ಒಂದು ಲೇಖನ ಬರೆಯಲು ಓದುತ್ತಾ ಕೂತಿದ್ದಾಗ ಸಿಕ್ಕಿದ ಕಥೆ ಇದು. ಲೇಖನ ಅಲ್ಲೇ ಉಳಿಯಿತು, ನಾವೆಲ್ಲ ಈ ಕಥೆಯ ಹಿಂದೆ ಬಿದ್ದೆವು. ಫ್ರಾನ್ಸ್ ದೇಶದ ಪಶ್ಚಿಮ ತುದಿಯಲ್ಲಿ ಬ್ರಿಟನಿ ಎಂಬ ಪ್ರದೇಶವಿದೆ. ಮೂರು ಕಡೆ ಸಮುದ್ರ, ಯಾವಾಗಲೂ ಮಳೆ, ನೆಲದ ಕೆಳಗೆ ಗ್ರಾನೈಟು. ಸುಣ್ಣದ ಕಲ್ಲು ಹುಡುಕಿದರೂ ಸಿಗುವುದು ಕಷ್ಟ. ಮಣ್ಣು ನಮ್ಮ ಮಲೆನಾಡಿನಂತೆಯೇ ಹುಳಿ. ಅಲ್ಲಿನ ರೈತರು ಸುಣ್ಣಕ್ಕೆ ಸಮುದ್ರಕ್ಕೆ ಇಳಿದರು. ಅವರು ತಂದದ್ದು ಸತ್ತ ಚಿಪ್ಪು ಮಾತ್ರ ಅಲ್ಲ. ಅದರಲ್ಲಿ ಹೆಚ್ಚು ಬೆಲೆಯದ್ದು ಒಂದು ಗಿಡ. ಕಲ್ಲಿನಂತಿರುವ ಗಿಡ. ಬ್ರಿಟನಿಯವರ ಭಾಷೆಯಲ್ಲಿ ಅದರ ಹೆಸರು ಮೇರ್ಲ್. ಇಂದು ಲೋಕದ ವಿಜ್ಞಾನಿಗಳೆಲ್ಲ ಇದೇ ಹೆಸರನ್ನು ಬಳಸುತ್ತಾರೆ.

ಕೈಯಲ್ಲಿ ಹಿಡಿದರೆ ಹೇಗಿರುತ್ತದೆ

ಸಣ್ಣದೊಂದು ಹಸಿಶುಂಠಿಯ ಕೊಂಬನ್ನು ನೆನಪಿಸಿಕೊಳ್ಳಿ. ಅದನ್ನು ಉಗುರಿನಿಂದ ಹಿಡಿದು ಕಿರುಬೆರಳಿನಷ್ಟರವರೆಗಿನ ಗಾತ್ರಕ್ಕೆ ಇಳಿಸಿ. ಬಣ್ಣ ಗುಲಾಬಿ ಮತ್ತು ನೇರಳೆಯ ನಡುವೆ. ಮುಟ್ಟಿದರೆ ಕಲ್ಲು, ಒತ್ತಿದರೆ ಚಟಕ್ಕೆಂದು ಮುರಿಯುತ್ತದೆ. ಅದಕ್ಕೆ ಬೇರಿಲ್ಲ, ಬಂಡೆಗೆ ಅಂಟಿಕೊಂಡಿಲ್ಲ. ಸಮುದ್ರದ ತಳದಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತದೆ.

ಇದು ಕೆಂಪು ಪಾಚಿಯ ಜಾತಿ. ನೀರಿನಲ್ಲಿ ಕರಗಿರುವ ಸುಣ್ಣವನ್ನು ಎಳೆದುಕೊಂಡು ತನ್ನ ಜೀವಕೋಶಗಳ ಗೋಡೆಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಕಲ್ಲಿನ ಗಟ್ಟಿತನ. ಆದರೆ ಬದುಕುವುದು ಎಲ್ಲ ಗಿಡಗಳಂತೆ ಬಿಸಿಲಿನಿಂದ. ಹಾಗಾಗಿ ಬೆಳಕು ತಲುಪುವಷ್ಟು ಆಳದಲ್ಲಿ ಮಾತ್ರ ಇರುತ್ತದೆ. ಬ್ರಿಟನಿ, ಬ್ರಿಟನ್ ಕಡೆಯ ಕಲಕು ನೀರಿನಲ್ಲಿ ಹೆಚ್ಚಾಗಿ 20, 30 ಮೀಟರ್ ಒಳಗೆ. ಮೆಡಿಟರೇನಿಯನ್ ಸಮುದ್ರದಂಥ ತಿಳಿನೀರಿನಲ್ಲಿ ಇನ್ನೂ ಕೆಳಗೆ.

ಜಾಗದ ವಿಷಯದಲ್ಲಿ ಇದರಷ್ಟು ನಾಜೂಕು ಬೇರೆ ಇಲ್ಲ. ಅಲೆ ಜೋರಾದರೆ ಕೊಚ್ಚಿ ಹೋಗುತ್ತದೆ. ನೀರು ಪೂರ್ತಿ ನಿಂತರೆ ಮೇಲೆ ಕೆಸರು ಕೂತು ಉಸಿರು ಕಟ್ಟುತ್ತದೆ. ಆಗಾಗ ಮಗ್ಗುಲು ಬದಲಾಯಿಸುವಷ್ಟು, ಮೇಲಿನ ಕೆಸರು ತೊಳೆಯುವಷ್ಟು ಮಾತ್ರ ಹರಿವು ಬೇಕು. ಅಂಥ ಜಾಗ ಸಿಕ್ಕಲ್ಲಿ ಕೊಂಬುಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಸು ಕಟ್ಟುತ್ತವೆ. ಮೇಲಿನ ಪದರ ಜೀವಂತ, ಗುಲಾಬಿ. ಕೆಳಗಿನದು ಸತ್ತದ್ದು, ಬಿಳಿ. ತಲೆಮಾರಿನ ಮೇಲೆ ತಲೆಮಾರು ಕೂತು ಕೆಲವು ಕಡೆ ಹಾಸಿನ ದಪ್ಪ ಹಲವು ಮೀಟರ್ ಆಗಿದೆ.

ಈಗ ಬೆಳೆಯುವ ವೇಗ. ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಸೆಂಟಿಮೀಟರ್ ಕೊಂಬಿಗೆ ಹತ್ತು ವರ್ಷ. ಇದು ತುದಿಯ ಲೆಕ್ಕ ಮಾತ್ರ. ತುಂಡಾಗಿ, ಸವೆದು, ಒತ್ತಿಕೊಂಡು ಹಾಸು ದಪ್ಪವಾಗುವುದು ಇನ್ನೂ ನಿಧಾನ. ಹಿಮಯುಗ ಮುಗಿದು, ಮಂಜು ಕರಗಿ, ಸಮುದ್ರ ಏರಿ ಈಗಿನ ದಡಕ್ಕೆ ಬಂದ ಮೇಲೆ ಶುರುವಾದ ಹಾಸುಗಳು ಇವು. ಸಾವಿರಾರು ವರ್ಷಗಳ ಗಳಿಕೆ. ಇನ್ನೊಂದು ತೊಂದರೆ ಇದೆ. ಇದರ ಮುಖ್ಯ ಜಾತಿಯೊಂದು ಆ ಕಡಲುಗಳಲ್ಲಿ ಬೀಜಕಣ ಬಿಟ್ಟು ಹರಡುವುದು ಅಪರೂಪ. ಮುರಿದ ತುಂಡೇ ಹೊಸ ಗಿಡವಾಗುತ್ತದೆ. ಒಂದು ಕಡೆ ಹಾಸು ಹೋದರೆ ಬೇರೆಲ್ಲಿಂದಲೋ ಬೀಜ ತೇಲಿ ಬಂದು ಮತ್ತೆ ಹುಟ್ಟುತ್ತದೆ ಎಂಬ ಭರವಸೆ ಹಾಗಾಗಿ ಕಡಿಮೆ.

ಹೊಳೆ ಮರಳಿನ ದಂಧೆ ನೋಡಿದವರು ನಾವು. ಹೊಳೆಗೆ ಮಳೆಗಾಲದಲ್ಲಿ ಒಂದಿಷ್ಟಾದರೂ ಮರಳು ಮತ್ತೆ ಬರುತ್ತದೆ. ಮೇರ್ಲ್ ವಿಷಯದಲ್ಲಿ ಅಂಥ ಮಳೆಗಾಲವೇ ಇಲ್ಲ.

ಕಲ್ಲೋ, ಪ್ರಾಣಿಯೋ, ಗಿಡವೋ

ಈ ಭಾಗ ನಮಗೆ ತುಂಬ ಹಿಡಿಸಿತು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ. ಯಾವುದು ಏನು ಅಂತ ಗೊತ್ತಾಗುವ ಮೊದಲೇ ಅದನ್ನು ಬಳಸಿ ಮುಗಿಸುವುದು ಮನುಷ್ಯರ ಹಳೆಯ ಚಾಳಿ. ಮೇರ್ಲ್ ಅದಕ್ಕೆ ಒಳ್ಳೆಯ ಉದಾಹರಣೆ.

1766ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಎಂಬ ಜರ್ಮನ್ ವಿದ್ವಾಂಸ ಇದಕ್ಕೆ ವಿಜ್ಞಾನದ ಹೆಸರು ಕೊಟ್ಟ. ಕೊಟ್ಟದ್ದು ಹವಳದ ಸಾಲಿನಲ್ಲಿ, ಅಂದರೆ ಪ್ರಾಣಿಗಳ ಜೊತೆ. ಜೀವಿಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೂಡ ಇಂಥವುಗಳನ್ನು ಪ್ರಾಣಿಗಳ ಪಟ್ಟಿಯಲ್ಲೇ ಇಟ್ಟಿದ್ದ. ಹವಳದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಒಳಗೆ ಹುಳದಂಥ ಜೀವಿ ಕೂತಿರುತ್ತದೆ. ಇದರಲ್ಲಿ ತೂತು ಹುಡುಕಿದರು, ಸಿಗಲಿಲ್ಲ. ಸಿಗದಿದ್ದರೆ ಇದು ಪ್ರಾಣಿ ಅಲ್ಲವೇನೋ ಅಂತ ಅನುಮಾನ ಬರಬೇಕಿತ್ತಲ್ಲ? ಬರಲಿಲ್ಲ. ‘ತೂತಿಲ್ಲದವು’ ಎಂಬ ಅರ್ಥದ ಹೆಸರಿಟ್ಟು ಹವಳದ ಪಕ್ಕದಲ್ಲೇ ಕೂರಿಸಿಕೊಂಡರು. 1837ರಲ್ಲಿ ಫಿಲಿಪ್ಪಿ ಎಂಬ ಇನ್ನೊಬ್ಬ ಜರ್ಮನ್ ವಿದ್ವಾಂಸ ಲೇಖನ ಬರೆದು, ಈ ತೂತಿಲ್ಲದವು ಸಸ್ಯಗಳೇ ಎಂದು ಸಾಧಿಸಿದ.

ಜನರ ಬಾಯಲ್ಲಿ ಆ ತಪ್ಪು ಇನ್ನೂ ಉಳಿದಿದೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಬೆಳ್ಳಗೆ ಹೊಳೆಯುವ ಒಂದು ಕಡಲತೀರವಿದೆ. ಅದನ್ನು ‘ಹವಳದ ತೀರ’ ಅನ್ನುತ್ತಾರೆ, ಪ್ರವಾಸಿಗರು ಸಾಲುಗಟ್ಟಿ ಬರುತ್ತಾರೆ. ಐರ್ಲೆಂಡಿನ ಪಶ್ಚಿಮ ದಡದಲ್ಲೂ ಅಂಥದೇ ಒಂದಿದೆ. ಎರಡರಲ್ಲೂ ಕಾಲಿಗೆ ಸಿಗುವುದು ಹವಳವಲ್ಲ, ದಡಕ್ಕೆ ಬಂದು ಬಿದ್ದು ಬಿಸಿಲಿಗೆ ಬಿಳುಚಿದ ಮೇರ್ಲ್.

ಬ್ರಿಟನಿಯ ಬ್ರೆಸ್ಟ್ ಬಂದರಿನಲ್ಲಿ ಕ್ರೂವಾನ್ ಎಂಬ ಇಬ್ಬರು ಅಣ್ಣತಮ್ಮಂದಿರಿದ್ದರು. ಪಿಯೆರ್ ಲೂಯಿ ಮತ್ತು ಇಪ್ಪೊಲಿತ್. ಇಬ್ಬರದೂ ಔಷಧಿ ಅಂಗಡಿಯ ಕಸುಬು, ಹುಚ್ಚು ಮಾತ್ರ ಪಾಚಿಯದು. ತಮ್ಮ ಜಿಲ್ಲೆಯ ಸಸ್ಯಗಳ ಬಗ್ಗೆ 1867ರಲ್ಲಿ ಪುಸ್ತಕ ತಂದರು. ಮೇರ್ಲ್ ಹಾಸು ಕಟ್ಟುವ ಎರಡು ಮುಖ್ಯ ಜಾತಿಗಳಲ್ಲಿ ಒಂದರ ಹೆಸರಿನ ಹಿಂದೆ ಇಂದಿಗೂ ಈ ಸಹೋದರರ ಹೆಸರು ಇದೆ. ಮನೆ ಮುಂದಿನ ಕೊಲ್ಲಿಯಲ್ಲಿ ರೈತರ ದೋಣಿಗಳು ಯಾವುದನ್ನು ಗೋರುತ್ತಿದ್ದವೋ ಅದನ್ನೇ ಇವರು ಕೂತು ನೋಡಿದ್ದರು. 1910ರಲ್ಲಿ ಮರಿ ಲೆಮ್ವಾನ್ ಎಂಬ ಫ್ರೆಂಚ್ ವಿಜ್ಞಾನಿ ಬ್ರಿಟನಿಯ ಕಾಂಕಾರ್ನೋ ಸುತ್ತಮುತ್ತ ಮೇರ್ಲ್ ಎಲ್ಲೆಲ್ಲಿ ಇದೆ, ಹೇಗೆ ಬದುಕುತ್ತದೆ ಎಂದು ಬರೆದರು. ಸಮುದ್ರ ವಿಜ್ಞಾನದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು ಇದ್ದ ಕಾಲ ಅದು.

ಅಂದರೆ 1910ರ ಹೊತ್ತಿಗೇ ಇದು ಗಿಡ, ಇದು ಜೀವಂತ ಎಂಬುದು ಪುಸ್ತಕದಲ್ಲಿ ಇತ್ತು. ಹಡಗು ಕಟ್ಟೆಯಲ್ಲಿ ಮಾತ್ರ ಇದು ಟನ್ ಲೆಕ್ಕದ ಸರಕು.

ಗಾಡಿಯಿಂದ ಪಂಪಿಗೆ

ಹೊಲಕ್ಕೆ ಮೇರ್ಲ್ ಹಾಕುವುದು ಎಷ್ಟು ಹಳೆಯದು? ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲೂ ಬ್ರಿಟನಿಯಂಥದೇ ಹುಳಿ ನೆಲ. ಅಲ್ಲಿನ ಫಾಲ್ಮತ್ ಬಂದರಿನಲ್ಲಿ ಸಿಗುವ ಈ ವಸ್ತುವನ್ನು ಜನ ಹೊಲಕ್ಕೆ ಹಾಕುತ್ತಾರೆ ಎಂಬುದನ್ನು ಜಾನ್ ರೇ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1690ರ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಬರೆಯುವ ಹೊತ್ತಿಗೆ ಅದು ರೂಢಿಯಾಗಿತ್ತು ಅಂದರೆ ಶುರುವಾದದ್ದು ಇನ್ನೂ ಹಿಂದೆ.

ಬ್ರಿಟನಿಯಲ್ಲಿ ಕೆಲಸ ಹೀಗೆ ನಡೆಯುತ್ತಿತ್ತು. ಹಾಯಿ ಕಟ್ಟಿದ ಮರದ ದೋಣಿ. ಅದರಿಂದ ಕಬ್ಬಿಣದ ಗೋರು ಇಳಿಬಿಟ್ಟು ಎಳೆಯುವುದು, ಕೈಯಿಂದ ಎತ್ತಿ ಸುರಿದುಕೊಳ್ಳುವುದು. ದೋಣಿ ತುಂಬಿದ ಮೇಲೆ ಭರತದಲ್ಲಿ ದಡಕ್ಕೆ ತಂದು ನಿಲ್ಲಿಸುವುದು. ಇಳಿತಕ್ಕೆ ನೀರು ಹಿಂದೆ ಸರಿದಾಗ ದೋಣಿ ಒಣನೆಲದ ಮೇಲೆ ಕೂರುತ್ತದೆ. ಆಗ ರೈತರ ಕುದುರೆಗಾಡಿಗಳು ದೋಣಿಯ ಪಕ್ಕಕ್ಕೇ ಬಂದು ತುಂಬಿಕೊಂಡು ಹೋಗುತ್ತಿದ್ದವು. ಮೇರ್ಲ್ ಜೊತೆಗೆ ಚಿಪ್ಪಿನ ಮರಳು, ಕಡಲಪಾಚಿ ಕೂಡ. ನಮ್ಮ ಕಡೆ ಗಾಡಿಯಲ್ಲಿ ಕೆರೆಗೋಡು ಹೊಡೆಸಿದಂತೆ.

ಈ ವಸ್ತುವಿನಲ್ಲಿ ರೈತರು ಕಂಡದ್ದು ಸುಳ್ಳಲ್ಲ. ಅದರ ಹೆಚ್ಚಿನ ಪಾಲು ಸುಣ್ಣ, ಜೊತೆಗೆ ಮೆಗ್ನೀಸಿಯಂ, ಸಣ್ಣ ಪ್ರಮಾಣದಲ್ಲಿ ಬೇರೆ ಪೋಷಕಾಂಶ. ಒಳಗೆಲ್ಲ ಸೂಕ್ಷ್ಮ ರಂಧ್ರ ಇರುವುದರಿಂದ ಮಣ್ಣಿನಲ್ಲಿ ಗಟ್ಟಿ ಸುಣ್ಣದ ಕಲ್ಲಿಗಿಂತ ಬೇಗ ಕರಗುತ್ತದೆ. ಸುಡಬೇಕಾಗಿಲ್ಲ, ಪುಡಿ ಮಾಡಿದರೆ ಸಾಕು. ಕಟ್ಟಿಗೆ ದುಬಾರಿಯಾದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬಡ ನೆಲದಲ್ಲಿ ಗೋಧಿ, ತರಕಾರಿ ತೆಗೆದ ಆ ರೈತರನ್ನು ಇವತ್ತು ಕೂತು ಬೈಯುವುದು ನಮಗೆ ಸರಿ ಕಾಣುವುದಿಲ್ಲ. ಹಾಯಿ ದೋಣಿ ಮತ್ತು ಕೈಬಲದ ಕಾಲದಲ್ಲಿ ಅವರು ತೆಗೆದದ್ದು ಅಂಚನ್ನು ಕೆರೆದಷ್ಟು.

ಲೆಕ್ಕ ತಪ್ಪಿದ್ದು ಆಮೇಲೆ. ಎರಡನೇ ಮಹಾಯುದ್ಧದ ನಂತರ ಬ್ರಿಟನಿಯ ಕೃಷಿ ಪೂರ್ತಿ ಬದಲಾಯಿತು. ಟ್ರ್ಯಾಕ್ಟರು, ದೊಡ್ಡ ಹೊಲ, ಹಂದಿ ಕೋಳಿ ಸಾಕಣೆ, ಹೊರಗಿನ ಪೇಟೆಗೆ ಹೋಗುವ ತರಕಾರಿ. ದೋಣಿಗೆ ಎಂಜಿನ್ ಬಂತು, ಗೋರಿನ ಜಾಗಕ್ಕೆ ಯಂತ್ರದ ಬಕೆಟ್ ಬಂತು, ಬಳಿಕ ತಳದಿಂದ ಹೀರಿಕೊಳ್ಳುವ ಪಂಪು ಬಂತು. ಮೇರ್ಲ್ ಹೊಲಕ್ಕೆ ಮಾತ್ರ ಹೋಗುತ್ತಿರಲಿಲ್ಲ. ದನಗಳ ಮೇವಿಗೆ ಸೇರಿಸುವ ಪುಡಿಯಾಯಿತು. ಕುಡಿಯುವ ನೀರಿನ ಹುಳಿ ತೆಗೆಯುವ ಫಿಲ್ಟರಿಗೆ ಹೋಯಿತು. 1970ರ ದಶಕದಲ್ಲಿ ಫ್ರಾನ್ಸ್ ಒಂದರಲ್ಲೇ ವರ್ಷಕ್ಕೆ ಸುಮಾರು 6 ಲಕ್ಷ ಟನ್ ಎತ್ತುತ್ತಿದ್ದರು. 10 ಟನ್ನಿನ ಟಿಪ್ಪರ್ ಲೆಕ್ಕ ಹಾಕಿದರೆ ವರ್ಷಕ್ಕೆ 60,000 ಲೋಡು. ದಿನಕ್ಕೆ 160ಕ್ಕೂ ಹೆಚ್ಚು, ಭಾನುವಾರವೂ ಸೇರಿ. ವರ್ಷಕ್ಕೆ 1 ಮಿಲಿಮೀಟರ್ ಬೆಳೆಯುವ ಗಿಡವನ್ನು.

ಇದರಲ್ಲಿ ದೊಡ್ಡ ಪಾಲು ಬಂದದ್ದು ಬ್ರಿಟನಿಯ ದಕ್ಷಿಣಕ್ಕಿರುವ ಗ್ಲೆನಾನ್ ದ್ವೀಪಗಳ ಸುತ್ತಲ ಹಾಸಿನಿಂದ. ಈ ಗಣಿಗಾರಿಕೆಗೆ ಒಂದು ಸಮರ್ಥನೆ ಇತ್ತು: ಜೀವಂತ ಮೇರ್ಲ್ ಬೇಡ, ಕೆಳಗಿನ ಸತ್ತದ್ದನ್ನು ತೆಗೆದರೆ ಏನು ನಷ್ಟ? ಕೇಳಲು ಸರಿಯೆನಿಸುತ್ತದೆ. ಆದರೆ ಮೇಲಿನ ಚಿಗುರು ಕೂತಿರುವುದು ಅದೇ ಸತ್ತ ಪದರದ ಮೇಲೆ. ಪಂಪು ಹೀರಿದಾಗ ಏಳುವ ನುಣ್ಣನೆಯ ಕೆಸರು ಅಲ್ಲೇ ನಿಲ್ಲುವುದಿಲ್ಲ, ಹರಿವಿನ ಜೊತೆ ಸಾಗಿ ಪಕ್ಕದ ಜೀವಂತ ಹಾಸಿನ ಮೇಲೆ ಕೂರುತ್ತದೆ. ಬಿಸಿಲು ಕಾಣದ ಗಿಡ ಸಾಯುತ್ತದೆ. ಆಮೇಲೆ ಅದೂ ‘ಸತ್ತ ಮೇರ್ಲ್’ ಆಗುತ್ತದೆ.

ಹಾಸಿನ ಒಳಗೆ ಯಾರಿದ್ದರು

ಮರಳಿನಲ್ಲಿ ಹುದುಗುವ ಜೀವಿಗಳು ಒಂದು ಬಗೆ, ಬಂಡೆಗೆ ಅಂಟುವ ಜೀವಿಗಳು ಇನ್ನೊಂದು ಬಗೆ. ಮೇರ್ಲ್ ಹಾಸಿನಲ್ಲಿ ಎರಡೂ ಇರುತ್ತವೆ. ಕೊಂಬುಗಳ ನಡುವಿನ ಸಂದಿಗಳಲ್ಲಿ ನೀರು ಆಡುತ್ತಿರುತ್ತದೆ. ಒಳಗೆ ಹುಳ, ಏಡಿ, ಸೀಗಡಿ, ನಕ್ಷತ್ರಮೀನು. ಮೇಲೆ ಬೇರೆ ಬೇರೆ ಪಾಚಿ. ಎಲ್ಲ ಸೇರಿ ನೂರಾರು ಜಾತಿ. ಮೈತುಂಬ ಕಿತ್ತಳೆ ಬಣ್ಣದ ಎಳೆ ಬಿಟ್ಟುಕೊಂಡಿರುವ ಒಂದು ಚಿಪ್ಪುಜೀವಿ ಮೇರ್ಲ್ ಚೂರುಗಳನ್ನು ದಾರದಿಂದ ಹೊಲಿದು ಗೂಡು ಕಟ್ಟಿಕೊಳ್ಳುತ್ತದೆ.

ಬಲೆ ಹಾಕುವವರಿಗೆ ಮುಖ್ಯವಾದದ್ದು ಮರಿಗಳ ಸಂಗತಿ. ಯುರೋಪಿನಲ್ಲಿ ಸ್ಕ್ಯಾಲಪ್ ಎಂಬ ಬೀಸಣಿಗೆ ಆಕಾರದ ಚಿಪ್ಪುಜೀವಿಗೆ ಒಳ್ಳೆ ಬೆಲೆ. ನಮ್ಮ ಬಳಚು, ಮರುವಾಯಿಯ ದೂರದ ಸಂಬಂಧಿ ಅನ್ನಬಹುದು. ಅದರ ಒಂದು ಜಾತಿಯ ಎಳೆಮರಿಗಳು ಬರಿ ಮರಳು, ಜಲ್ಲಿಗಿಂತ ಜೀವಂತ ಮೇರ್ಲ್ ಮೇಲೆಯೇ ಹೆಚ್ಚು ಕೂರುತ್ತವೆ ಎಂದು ಸ್ಕಾಟ್ಲೆಂಡಿನ ಸಂಶೋಧಕರು 2004ರಲ್ಲಿ ತೋರಿಸಿದರು. ಸಂದಿಯಲ್ಲಿ ಅಡಗಬಹುದು, ಮೇವು ಸಿಗುತ್ತದೆ. ಕಾಡ್ ಮೀನಿನ ಮರಿಗಳೂ ಇಂಥಲ್ಲಿ ಆಶ್ರಯ ಪಡೆಯುತ್ತವೆ. ಒಟ್ಟಿನಲ್ಲಿ ರೈತರಿಗೆ ಸುಣ್ಣದ ರಾಶಿಯಾಗಿ ಕಂಡದ್ದು ಮೀನುಗಾರರಿಗೆ ಸಸಿಮಡಿ.

ಹಾಗಾದರೆ ಮೀನುಗಾರರು ಅದನ್ನು ಕಾಪಾಡಿದರಾ? ಇಲ್ಲಿ ಕಥೆ ಸ್ಕಾಟ್ಲೆಂಡಿಗೆ ಹೋಗಬೇಕು.

ಕ್ಲೈಡ್ ಕೊಲ್ಲಿಯ ನೂರು ವರ್ಷ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಕ್ಲೈಡ್ ಕೊಲ್ಲಿ. ಅದರ ನಡುವೆ ಆರನ್ ದ್ವೀಪ. ಇಲ್ಲಿ ಮೇರ್ಲ್‌ಗೆ ಗಂಡಾಂತರ ಬಂದದ್ದು ಹೊಲದ ಸುಣ್ಣಕ್ಕಾಗಿ ಅಲ್ಲ, ಮೀನುಗಾರಿಕೆಯಿಂದಲೇ.

1889ರಲ್ಲೇ ಇಲ್ಲಿ ಟ್ರಾಲಿಂಗ್ ವಿರುದ್ಧ ಕಾನೂನು ಬಂದಿತ್ತು. ಸಣ್ಣ ದೋಣಿಯವರು ದೊಡ್ಡ ಎಳೆಬಲೆಯ ವಿರುದ್ಧ ಕೂಗೆಬ್ಬಿಸಿದ ಕಾಲ. ಸ್ಕಾಟ್ಲೆಂಡಿನ ದಡದಿಂದ 3 ಮೈಲಿ ಒಳಗೆ ತಳ ಕೆರೆಯುವ ಬಲೆ ಎಳೆಯುವಂತಿಲ್ಲ ಎಂದಾಯಿತು, ಕ್ಲೈಡ್ ಕೊಲ್ಲಿಗೆ ಪೂರ್ತಿ ಬೀಗ ಬಿತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ನಿಯಮ ನಿಂತಿತು. 1962ರಲ್ಲಿ 3 ಮೈಲಿ ಆಚೆಗೆ ದೊಡ್ಡ ಸೀಗಡಿಯಂಥ ನೆಫ್ರಾಪ್ಸ್ ಹಿಡಿಯಲು ಟ್ರಾಲ್‌ಗೆ ಬಾಗಿಲು ತೆರೆದರು. ಅದೇ ದಶಕದಲ್ಲಿ ಸ್ಕ್ಯಾಲಪ್ ಹಿಡಿಯುವ ಡ್ರೆಜ್‌ಗಳೂ ಹೆಚ್ಚಿದವು. 1984ರಲ್ಲಿ 3 ಮೈಲಿ ನಿಯಮವನ್ನೇ ತೆಗೆದುಹಾಕಿದರು. 2010ರಲ್ಲಿ ಇಬ್ಬರು ಸಂಶೋಧಕರು ಕ್ಲೈಡ್ ಕೊಲ್ಲಿಯ ಇತಿಹಾಸ ಬರೆದಾಗ ಅಲ್ಲಿ ಕಾಡ್, ಹ್ಯಾಡಕ್‌ನಂಥ ಬೆಲೆಯ ಮೀನಿನ ಕಸುಬು ಮುಗಿದೇ ಹೋಗಿತ್ತು. ಉಳಿದದ್ದು ನೆಫ್ರಾಪ್ಸ್ ಮತ್ತು ಸ್ಕ್ಯಾಲಪ್.

ಸ್ಕ್ಯಾಲಪ್ ಡ್ರೆಜ್ ಅಂದರೆ ಏನು? ಹೊಲಕ್ಕೆ ಹೊಡೆಯುವ ಹಲುಬೆ ಗೊತ್ತಲ್ಲ, ಅದನ್ನು ಕಬ್ಬಿಣದಲ್ಲಿ ಮಾಡಿ ಹಿಂದೆ ಸರಪಳಿಯ ಚೀಲ ಕಟ್ಟಿದಂತೆ. ಮುಂಭಾಗದಲ್ಲಿ ಸ್ಪ್ರಿಂಗ್ ಇರುವ ಉದ್ದ ಹಲ್ಲುಗಳು. ಮರಳಿನಲ್ಲಿ ಅರ್ಧ ಹೂತಿರುವ ಸ್ಕ್ಯಾಲಪ್‌ಗಳನ್ನು ಅವು ಕಿತ್ತು ಮೇಲೆಬ್ಬಿಸುತ್ತವೆ, ಚೀಲ ತುಂಬಿಕೊಳ್ಳುತ್ತದೆ. ದೋಣಿಯೊಂದು ಇಂಥ ಹಲವು ಡ್ರೆಜ್‌ಗಳನ್ನು ಸಾಲಾಗಿ ಎಳೆಯುತ್ತದೆ.

ಇದು ಮೇರ್ಲ್ ಮೇಲೆ ಹೋದರೆ ಏನಾಗುತ್ತದೆ ಎಂದು ಜೇಸನ್ ಹಾಲ್-ಸ್ಪೆನ್ಸರ್ ಮತ್ತು ಮೂರ್ ಎಂಬ ಇಬ್ಬರು ವಿಜ್ಞಾನಿಗಳು ಕ್ಲೈಡ್ ಪ್ರದೇಶದಲ್ಲಿ ಪರೀಕ್ಷೆ ಮಾಡಿದರು. ಒಂದು ಕಡೆ ಡ್ರೆಜ್ ಎಳೆಸಿದರು, ಆಮೇಲೆ ನಾಲ್ಕು ವರ್ಷ ಬಿಡದೆ ಅದೇ ಜಾಗಕ್ಕೆ ಮುಳುಗಿ ನೋಡಿದರು. ಜೀವಂತ ಮೇರ್ಲ್ ಶೇ. 70ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಕೊಂಬುಗಳು ಮುರಿದು, 8 ಸೆಂಟಿಮೀಟರ್‌ವರೆಗೆ ಕೆಳಗೆ ಹೂತು ಹೋಗಿದ್ದವು. ನಾಲ್ಕು ವರ್ಷವಾದರೂ ಚೇತರಿಕೆಯ ಗುರುತೇ ಇರಲಿಲ್ಲ. 2000ದಲ್ಲಿ ಈ ವರದಿ ಬಂತು. ಒಂದೇ ಸಲ ಎಳೆದದ್ದಕ್ಕೆ ಇಷ್ಟು.

ನಮ್ಮ ಕರಾವಳಿಯವರಿಗೆ ಇಲ್ಲೊಂದು ಪ್ರಶ್ನೆ ಬರಬಹುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟು ಕಟ್ಟಿಹಾಕುತ್ತೇವಲ್ಲ, ಮೀನು ಮೊಟ್ಟೆ ಇಡಲಿ ಅಂತ. ಅಲ್ಲೂ ಹಾಗೆ ಮಾಡಿದರೆ ಸಾಲದೇ? ಮೀನಿಗೆ ಅದರಿಂದ ಉಪಯೋಗ ಇದೆ. ಮೇರ್ಲ್‌ಗೆ 61 ದಿನವೆಂದರೆ ಒಂದು ಮಿಲಿಮೀಟರಿನ ಆರನೇ ಒಂದು ಪಾಲು. ಅದಕ್ಕೆ ರಜೆ ಕೊಟ್ಟರೆ ಆಗುವುದಿಲ್ಲ. ಆ ಜಾಗವನ್ನೇ ಬಿಟ್ಟುಬಿಡಬೇಕು.

ಆರನ್ ದ್ವೀಪದ ಇಬ್ಬರು ಕೇಳಿದ್ದು ಅದನ್ನೇ. ಹೋವರ್ಡ್ ವುಡ್ ಮತ್ತು ಡಾನ್ ಮ್ಯಾಕ್‌ನೀಶ್, ಇಬ್ಬರೂ ಹವ್ಯಾಸಕ್ಕೆ ಮುಳುಗುವವರು, ವಿಜ್ಞಾನಿಗಳಲ್ಲ. ವರ್ಷಗಟ್ಟಲೆ ಅದೇ ನೀರಿನಲ್ಲಿ ಮುಳುಗಿದ್ದರಿಂದ ತಳ ಬದಲಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. 1995ರಲ್ಲಿ ಊರಿನವರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಲ್ಯಾಮ್ಲಾಶ್ ಎಂಬ ಕೊಲ್ಲಿಯ ಒಂದು ಮೂಲೆಯಲ್ಲಿ ಮೇರ್ಲ್ ಹಾಸಿತ್ತು. ಅಲ್ಲಿ ಯಾರೂ ಏನನ್ನೂ ಹಿಡಿಯದಂತೆ ಕಾನೂನು ಮಾಡಿ ಎಂದು ಸರಕಾರವನ್ನು ಕೇಳಿದರು. ಸಭೆ, ಅರ್ಜಿ, ಅಲೆದಾಟ. ಕಾನೂನು ಬಂದದ್ದು 2008ರ ಸೆಪ್ಟೆಂಬರಿನಲ್ಲಿ, 13 ವರ್ಷದ ಮೇಲೆ. ಸ್ಕಾಟ್ಲೆಂಡಿನಲ್ಲಿ ಅಂಥ ಮೊದಲ ಜಾಗ ಅದು. ವಿಸ್ತೀರ್ಣ 2.67 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 660 ಎಕರೆ. ಹೋವರ್ಡ್ ವುಡ್‌ಗೆ 2015ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಮೂಲೆಯನ್ನೂ ಸೇರಿಸಿ ದ್ವೀಪದ ದಕ್ಷಿಣದ ವಿಶಾಲ ಸಮುದ್ರಕ್ಕೂ 2014ರಲ್ಲಿ ರಕ್ಷಿತ ಪ್ರದೇಶದ ಪಟ್ಟ ಸಿಕ್ಕಿತು, ಡ್ರೆಜ್‌ಗೆ ತಡೆ ಬಂತು.

ಯಾರ್ಕ್ ವಿಶ್ವವಿದ್ಯಾಲಯದವರು ಲ್ಯಾಮ್ಲಾಶ್‌ನಲ್ಲಿ ಎಣಿಕೆ ಮಾಡಿದರು. ಹೊರಗಿಗಿಂತ ಒಳಗೆ ಎಳೆಯ ಸ್ಕ್ಯಾಲಪ್‌ಗಳು ಹೆಚ್ಚು, ಲಾಬ್‌ಸ್ಟರ್‌ಗಳು ದೊಡ್ಡವು. ಪಾಚಿ, ಪೊದೆಯಂಥ ಜೀವಿಗಳು ಮತ್ತೆ ಎದ್ದಿದ್ದವು. ಕೆಲವೇ ವರ್ಷಗಳಲ್ಲಿ ಇಷ್ಟಾಯಿತು. ಮೇರ್ಲ್ ಮಾತ್ರ ತನ್ನ ಪಾಡಿಗೆ ತಾನಿದೆ. 2008ರಿಂದ ಈವರೆಗೆ ಅದರ ಒಂದು ತುದಿ ಬೆಳೆದಿರುವುದು ಹೆಚ್ಚೆಂದರೆ ಎರಡು ಸೆಂಟಿಮೀಟರ್ ಆಸುಪಾಸು.

ಬ್ರಿಟನಿಯಲ್ಲಿ ಪಂಪು ನಿಂತದ್ದು

ಅತ್ತ ಫ್ರಾನ್ಸಿನಲ್ಲಿ ಬದಲಾವಣೆ ಕಡತದಿಂದ ಬಂತು. 1992ರಲ್ಲಿ ಯುರೋಪಿನ ದೇಶಗಳು ಒಟ್ಟಾಗಿ ಕಾಡುಜೀವಿಗಳ ಮತ್ತು ಅವುಗಳ ನೆಲೆಯ ರಕ್ಷಣೆಗೆ ಒಂದು ನಿಯಮ ಮಾಡಿಕೊಂಡವು. ಅದರ ಪಟ್ಟಿಯಲ್ಲಿ ಮೇರ್ಲ್‌ನ ಎರಡು ಜಾತಿಗಳ ಹೆಸರೂ ಸೇರಿತು. ಒಂದು ಪಲ್ಲಾಸ್ ಹೆಸರಿಟ್ಟದ್ದು, ಇನ್ನೊಂದು ಬ್ರೆಸ್ಟಿನ ಆ ಔಷಧಿ ಅಂಗಡಿ ಸಹೋದರರದ್ದು. ತೆಗೆಯಬಾರದು ಎಂದಲ್ಲ, ತೆಗೆದರೆ ಜಾತಿಗೆ ಕುಂದು ಬರದಂತೆ ನೋಡಿಕೊಳ್ಳಬೇಕು ಎಂದು. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುವುದನ್ನು ಲಕ್ಷ ಟನ್ ತೆಗೆದು ಕುಂದು ಬರದಂತೆ ನೋಡಿಕೊಳ್ಳುವುದು ಹೇಗೆ? ಬ್ರೆಸ್ಟಿನ ಜೀವವಿಜ್ಞಾನಿ ಜಾಕ್ ಗ್ರಾಲ್ ಮತ್ತು ಹಾಲ್-ಸ್ಪೆನ್ಸರ್ 2003ರಲ್ಲಿ ಬ್ರಿಟನಿಯ ಹಾಸುಗಳ ಸ್ಥಿತಿಯನ್ನು ಒಂದೊಂದಾಗಿ ಬರೆದರು. 2009ರಲ್ಲಿ ಫ್ರಾನ್ಸ್ ಕಾನೂನು ಮಾಡಿ, ಸ್ವಲ್ಪವೇ ಸಾಕಾಗುವ ಕೆಲಸಗಳಿಗೆ ಮಾತ್ರ ಮೇರ್ಲ್ ತೆಗೆಯಬಹುದು ಎಂದಿತು. ಹೊಲದ ಸುಣ್ಣಕ್ಕೆ ಬಾಗಿಲು ಮುಚ್ಚಿದಂತಾಯಿತು. ಗ್ಲೆನಾನ್‌ನಲ್ಲಿ 2011ರಲ್ಲಿ ತೆಗೆಯುವುದು ನಿಂತಿತು. ಕಾರ್ನ್‌ವಾಲ್‌ನ ಫಾಲ್ಮತ್‌ನಲ್ಲಿ ಅದಕ್ಕೂ ಮೊದಲೇ, 2000ರ ದಶಕದಲ್ಲೇ ನಿಂತಿತ್ತು.

ಬ್ರಿಟನಿಯ ಹೊಲಗಳಿಗೆ ಈಗ ಹೊರಗಿನ ಗಣಿಗಳಿಂದ ಸುಣ್ಣದ ಕಲ್ಲಿನ ಪುಡಿ ಬರುತ್ತದೆ. ಲಾರಿ ಮತ್ತು ರೈಲು ಬಂದ ಮೇಲೆ ಅದು ಸಿಗದ ವಸ್ತುವೇನೂ ಆಗಿರಲಿಲ್ಲ. ಈ ವಿಷಯ ನಮಗೆ ಬಹಳ ಹೊತ್ತು ಕೊರೆಯಿತು. ಹಾಯಿ ದೋಣಿಯ ಕಾಲದ ರೈತನಿಗೆ ಬೇರೆ ದಾರಿ ಇರಲಿಲ್ಲ, ಅವನು ತೆಗೆದದ್ದು ಕಡಿಮೆ. ಬೇರೆ ದಾರಿ ಇದ್ದ ಕಾಲದಲ್ಲೇ 6 ಲಕ್ಷ ಟನ್.

ಐಸ್‌ಲ್ಯಾಂಡಿನಲ್ಲಿ ಇಂದಿಗೂ ಮೇರ್ಲ್ ತೆಗೆಯುತ್ತಾರೆ, ಹೆಚ್ಚಾಗಿ ಸತ್ತ ಪದರದಿಂದ. ಅದು ಹೋಗುವುದು ಮೇವಿಗೆ, ಗೊಬ್ಬರಕ್ಕೆ ಮತ್ತು ಮೂಳೆ ಗಟ್ಟಿಯಾಗಲು ನುಂಗುವ ಮಾತ್ರೆಗೆ. ಕೆಲವು ಕ್ಯಾಲ್ಸಿಯಂ ಮಾತ್ರೆಗಳ ಡಬ್ಬಿಯ ಮೇಲೆ ‘ಸಮುದ್ರದ ಕೆಂಪು ಪಾಚಿಯ ಕ್ಯಾಲ್ಸಿಯಂ’ ಎಂದು ಬರೆದಿರುವುದು ಇಂಥ ಪಾಚಿಯನ್ನೇ.

ಕೊಂಬಿನೊಳಗಿನ ಗೆರೆಗಳು

ಮರ ಕಡಿದಾಗ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಕಾಣುತ್ತದಲ್ಲ, ಮೇರ್ಲ್ ಕೊಂಬಿನಲ್ಲೂ ಹಾಗೆ ಗೆರೆಗಳಿವೆ. ಬೇಸಿಗೆಯಲ್ಲಿ ಒಂದು ಬಗೆ, ಚಳಿಗಾಲದಲ್ಲಿ ಇನ್ನೊಂದು ಬಗೆ. ನೀರು ಬೆಚ್ಚಗಿದ್ದಾಗ ಗೋಡೆಯಲ್ಲಿ ಮೆಗ್ನೀಸಿಯಂ ಹೆಚ್ಚು ಸೇರುತ್ತದೆ, ತಣ್ಣಗಿದ್ದಾಗ ಕಡಿಮೆ. ಅಂದರೆ ಪ್ರತಿ ಗೆರೆಯೂ ಆ ವರ್ಷದ ಸಮುದ್ರ ಎಷ್ಟು ಬೆಚ್ಚಗಿತ್ತು ಎಂದು ಬರೆದಿಟ್ಟ ದಿನಚರಿ. ಸ್ಕಾಟ್ಲೆಂಡಿನ ನಿಕೊಲಾಸ್ ಕಾಮೆನೋಸ್ ಎಂಬ ಸಂಶೋಧಕ ಇಂಥ ಪಾಚಿಯ ಗೆರೆಗಳನ್ನು ಓದಿ 1353ರಿಂದ ಈಚಿನ ಸಮುದ್ರದ ಬಿಸಿಯ ಏರಿಳಿತವನ್ನು 2010ರಲ್ಲಿ ಪ್ರಕಟಿಸಿದರು. 1353 ಅಂದರೆ ನಮ್ಮಲ್ಲಿ ವಿಜಯನಗರ ಹುಟ್ಟಿ ಎರಡು ದಶಕವೂ ಆಗಿರಲಿಲ್ಲ. ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲಕ್ಕಿಂತ ಬೇಸಿಗೆಯೇ ಹೆಚ್ಚು ಬೆಚ್ಚಗಾಗಿದೆ ಎಂಬುದು ಅದರಲ್ಲಿ ಕಂಡ ಒಂದು ಸಂಗತಿ. ಆ ಸಮುದ್ರಕ್ಕೆ ಆರು ಶತಮಾನ ಹಿಂದೆ ಥರ್ಮಾಮೀಟರ್ ಇಳಿಬಿಟ್ಟವರು ಯಾರೂ ಇಲ್ಲ. ಟಿಪ್ಪರ್ ಲೆಕ್ಕದಲ್ಲಿ ಹೊಲಕ್ಕೆ ಹೋದ ರಾಶಿಗಳಲ್ಲಿ ಇಂಥ ಎಷ್ಟು ಬರಹ ಪುಡಿಯಾಯಿತೋ.

ಇನ್ನು ಈಗಿನ ಮಾತು. ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಒಂದು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ, ಅದರಿಂದ ನೀರು ಮೊದಲಿಗಿಂತ ಹುಳಿಯ ಕಡೆಗೆ ವಾಲುತ್ತಿದೆ. ಹುಳಿ ಹೆಚ್ಚಾದಾಗ ಮೊದಲು ಕರಗುವುದು ಮೆಗ್ನೀಸಿಯಂ ಹೆಚ್ಚಿರುವ ಸುಣ್ಣ. ಮೇರ್ಲ್ ಕಟ್ಟಿಕೊಂಡಿರುವುದು ಆ ಬಗೆಯ ಸುಣ್ಣವನ್ನೇ. ಮಣ್ಣಿನಲ್ಲಿ ಬೇಗ ಕರಗಿ ಹುಳಿ ಇಳಿಸುತ್ತದೆ ಎಂದು ಬ್ರಿಟನಿಯ ರೈತರು ಅದನ್ನು ಮೆಚ್ಚಿದ್ದಕ್ಕೆ ಕಾರಣವೂ ಆ ಗುಣವೇ. ಗ್ಲೆನಾನ್ ಸುತ್ತ ಪಂಪಿನ ಸದ್ದು ಈಗ ಇಲ್ಲ. ಉಳಿದ ಹಾಸಿನ ಮೇಲೆ ಗುಲಾಬಿ ತುದಿಗಳು ವರ್ಷಕ್ಕೊಂದು ಮಿಲಿಮೀಟರಿನಂತೆ, ಮೊದಲಿಗಿಂತ ಸ್ವಲ್ಪ ಹುಳಿಯಾದ, ಸ್ವಲ್ಪ ಬೆಚ್ಚಗಾದ ನೀರಿನಲ್ಲಿ ಬೆಳೆಯುತ್ತಿವೆ.